ಉರಿಯ ಲೆಕ್ಕ ಗಾಳಿಯ ಖಾತೆಯಲ್ಲಿ

ಪೈಪ್ ಗ್ಯಾಸ್ ಸಂಪರ್ಕ ಕೊಡಲು ಬಂದ ಹುಡುಗ ನಮ್ಮ ಹಳೆಯ ಒಲೆಯನ್ನು ಮಗುಚಿ ಹಾಕಿ, ಬರ್ನರ್ ಕೆಳಗಿದ್ದ ಹಿತ್ತಾಳೆಯ ಜೆಟ್ಟನ್ನು ಸ್ಪ್ಯಾನರಿನಲ್ಲಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಕಡಲೆಕಾಳಿಗಿಂತ ತುಸು ದೊಡ್ಡದು. ನಡುವೆ ಸೂಜಿಯೂ ಕಷ್ಟದಲ್ಲಿ ತೂರುವಷ್ಟು ತೂತು. “ಇದು ಸಿಲಿಂಡರ್ ಗ್ಯಾಸಿಂದು ಸಾರ್, ಪೈಪ್ ಗ್ಯಾಸಿಗೆ ಈ ತೂತು ಸಾಲಲ್ಲ” ಎನ್ನುತ್ತ ತನ್ನ ಡಬ್ಬಿಯಿಂದ ಇನ್ನೊಂದು ಜೆಟ್ ತೆಗೆದು ಪಕ್ಕದಲ್ಲಿಟ್ಟ. ಅದರ ತೂತು ಕನ್ನಡಕವಿಲ್ಲದೆಯೂ ಕಾಣುವಷ್ಟು ಅಗಲ. ಯಾಕಪ್ಪಾ ಸಾಲಲ್ಲ ಎಂದೆ. “ಇದರಲ್ಲಿ ಪವರ್ ಕಮ್ಮಿ ಸಾರ್” ಎಂದ.

ಹುಡುಗ ಹೇಳಿದ್ದು ಸರಿ. ಸಿಲಿಂಡರಿನಲ್ಲಿ ಬರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪೈಪಿನಲ್ಲಿ ಬರುವುದು ಬಹುಪಾಲು ಮಿಥೇನ್. ಮಿಥೇನ್ ಅಣುವಿನಲ್ಲಿ ಇಂಗಾಲದ ಪರಮಾಣು ಒಂದು, ಪ್ರೊಪೇನಿನಲ್ಲಿ ಮೂರು, ಬ್ಯೂಟೇನಿನಲ್ಲಿ ನಾಲ್ಕು. ಒಂದೇ ಅಳತೆಯ ಅನಿಲವನ್ನು ಉರಿಸಿದರೆ ಬ್ಯೂಟೇನ್ ಕೊಡುವ ಶಾಖ ಮಿಥೇನಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ ಅದೇ ಅನ್ನ ಅದೇ ಹೊತ್ತಿಗೆ ಬೇಯಬೇಕಾದರೆ ಮಿಥೇನಿಗೆ ಅಗಲವಾದ ಬಾಗಿಲು ಬೇಕು. ಈ ಸಮೀಕರಣಗಳನ್ನು ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಸರಿದೂಗಿಸಿದ್ದೇನೆ. ಸಮೀಕರಣದ ಎಡಗಡೆ ಇಂಧನದ ಪಕ್ಕದಲ್ಲಿ ಆಮ್ಲಜನಕವನ್ನೂ ಬರೆದಿದ್ದೇನೆ. ಆದರೆ ಆ ಆಮ್ಲಜನಕ ಎಲ್ಲಿಂದ ಬರುತ್ತದೆ, ಎಷ್ಟು ಗಾಳಿಯನ್ನು ಎಳೆದುಕೊಂಡು ಬರುತ್ತದೆ, ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಪಾಠಪುಸ್ತಕ ಕೇಳಲಿಲ್ಲ, ನಾನೂ ಒತ್ತಿ ಹೇಳಲಿಲ್ಲ. ಇಂಥ ಸರಳ ಹೈಡ್ರೋಕಾರ್ಬನ್‌ಗಳ ವಿಚಾರದಲ್ಲಿ ಸಾಮಾನ್ಯ ಜನರಿಗೆ ಬೇಕಾದ ತಿಳಿವಳಿಕೆಯ ಮುಕ್ಕಾಲು ಭಾಗ ಇರುವುದು ಅಲ್ಲೇ.

ಜೆಟ್ಟಿನ ಪಕ್ಕದಲ್ಲಿ, ಬರ್ನರಿನ ಕೊಳವೆಯ ಬುಡದಲ್ಲಿ, ತೆರೆದ ಕಿಂಡಿಗಳಿರುತ್ತವೆ. ಅನಿಲ ಆ ಸಣ್ಣ ತೂತಿನಿಂದ ರಭಸವಾಗಿ ನುಗ್ಗುವಾಗ ಕಿಂಡಿಯ ಮೂಲಕ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಎರಡೂ ಕೊಳವೆಯೊಳಗೆ ಬೆರೆತು, ಮೇಲೆ ಬಂದು ಉರಿಯುತ್ತವೆ. ಜರ್ಮನಿಯ ರಾಬರ್ಟ್ ಬುನ್ಸೆನ್ ತನ್ನ ಪ್ರಯೋಗಾಲಯದ ಕುಶಲಕರ್ಮಿ ಪೀಟರ್ ಡೆಸಾಗಾ ಜೊತೆ 1855ರ ಸುಮಾರಿಗೆ ರೂಪಿಸಿದ ಬರ್ನರಿನ ಉಪಾಯವೇ ಇಂದಿಗೂ ನಮ್ಮ ಅಡುಗೆಮನೆಯಲ್ಲಿ ದೋಸೆ ಹುಯ್ಯಿಸುತ್ತಿದೆ. ಒಂದು ಲೀಟರ್ ಮಿಥೇನ್ ಪೂರ್ತಿ ಉರಿಯಲು ಒಂಬತ್ತೂವರೆ ಲೀಟರ್ ಗಾಳಿ ಬೇಕು. ಪ್ರೊಪೇನಿಗೆ ಸುಮಾರು 24 ಲೀಟರ್, ಬ್ಯೂಟೇನಿಗೆ 31. ಕಿಂಡಿಗೆ ಜೇಡ ಬಲೆ ಕಟ್ಟಿದರೂ, ಉಕ್ಕಿದ ಹಾಲು ಬರ್ನರಿನ ರಂಧ್ರಗಳಲ್ಲಿ ಹೆಪ್ಪುಗಟ್ಟಿದರೂ ಈ ಪ್ರಮಾಣ ಕೆಡುತ್ತದೆ. ಉರಿ ಹಳದಿಗೆ ತಿರುಗುತ್ತದೆ, ಪಾತ್ರೆಯ ತಳ ಮಸಿ ಹಿಡಿಯುತ್ತದೆ.

ಈ ಹೈಡ್ರೋಕಾರ್ಬನ್ ಕುಟುಂಬದ ಅಣುಗಳ ಕಟ್ಟೋಣ ಬಹಳ ಸರಳ. ಇಂಗಾಲದ ಸರಪಳಿ, ಸುತ್ತ ಜಲಜನಕ; ಬೇರೇನೂ ಇಲ್ಲ. ಸರಪಳಿಗೆ ಒಂದೊಂದು ಕೊಂಡಿ ಸೇರಿದಂತೆ ಅಣುಗಳ ನಡುವಿನ ಅಂಟು ತುಸುತುಸುವೇ ಹೆಚ್ಚುತ್ತದೆ, ಕುದಿಬಿಂದು ಏರುತ್ತದೆ. ಮಿಥೇನ್ ಕುದಿಯುವುದು ಸೊನ್ನೆಗಿಂತ 161 ಡಿಗ್ರಿ ಸೆಲ್ಸಿಯಸ್ ಕೆಳಗೆ. ಈಥೇನ್ ಸೊನ್ನೆಗಿಂತ 89 ಡಿಗ್ರಿ ಕೆಳಗೆ, ಪ್ರೊಪೇನ್ 42 ಡಿಗ್ರಿ ಕೆಳಗೆ, ಬ್ಯೂಟೇನ್ ಹೆಚ್ಚುಕಡಿಮೆ ಸೊನ್ನೆಯಲ್ಲೇ. ಐದು ಇಂಗಾಲದ ಪೆಂಟೇನ್ 36 ಡಿಗ್ರಿಗೆ ಕುದಿಯುತ್ತದೆ, ಅಂದರೆ ರಾಯಚೂರಿನ ಬೇಸಿಗೆಯ ಮಧ್ಯಾಹ್ನಕ್ಕೆ ಅನಿಲ, ಮಡಿಕೇರಿಯ ಮಳೆಗಾಲಕ್ಕೆ ದ್ರವ. ಎಂಟು ಇಂಗಾಲದ ಆಕ್ಟೇನ್ 126 ಡಿಗ್ರಿ. ಇನ್ನೂ ಮುಂದೆ ಹೋದರೆ ಸೀಮೆಎಣ್ಣೆ, ಡೀಸೆಲ್, ಕೊನೆಗೆ ಮೇಣದಬತ್ತಿಯ ಮೇಣ, ಡಾಂಬರು. ಇವ್ಯಾವುದೂ ನೀರಿಗೆ ಬೆರೆಯದು. ದ್ರವರೂಪದವು ನೀರಿಗಿಂತ ಹಗುರ. ಪೆಟ್ರೋಲಿಗೆ ಬೆಂಕಿ ಬಿದ್ದಾಗ ನೀರು ಸುರಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು, ಉರಿಯುತ್ತಲೇ ಬೇರೆ ಕಡೆಗೆ ಹರಿಯುವುದು ಇದರಿಂದಲೇ.

ಮಿಥೇನನ್ನು ಕೋಣೆಯ ಉಷ್ಣತೆಯಲ್ಲಿ ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ. ಸೊನ್ನೆಗಿಂತ 82 ಡಿಗ್ರಿಗೂ ಕೆಳಗೆ ತಣಿಸಿದ ಮೇಲಷ್ಟೇ ಒತ್ತಡಕ್ಕೆ ಬಗ್ಗುತ್ತದೆ. ಆದ್ದರಿಂದ ಅದನ್ನು ಸಾಗಿಸಲು ದಾರಿಗಳು ಮೂರೇ: ಪೈಪು, ವಾತಾವರಣದ ಇನ್ನೂರು ಪಟ್ಟು ಒತ್ತಡದ ಗಟ್ಟಿ ಸಿಲಿಂಡರು, ಅಂದರೆ ಸಿಎನ್‌ಜಿ, ಇಲ್ಲವೇ ವಿಪರೀತ ತಣಿಸಿ ಆರುನೂರರಲ್ಲಿ ಒಂದು ಪಾಲಿಗೆ ಇಳಿಸಿದ ಎಲ್‌ಎನ್‌ಜಿ ಹಡಗು. ದಾಬೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ಕೊಳವೆ ಬಂತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೊಮೀಟರ್ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಪ್ರೊಪೇನ್, ಬ್ಯೂಟೇನ್‌ಗಳಿಗೆ ಇಷ್ಟು ಪಾಡಿಲ್ಲ. ಹದವಾಗಿ ಒತ್ತಿದರೆ ಸಾಕು, ನಮ್ಮ ಹವೆಯಲ್ಲೇ ದ್ರವವಾಗುತ್ತವೆ. ಈ ಒಂದು ಗುಣದಿಂದಲೇ ಅವು ಸೈಕಲ್ಲಿನ ಕ್ಯಾರಿಯರ್ ಏರಿ ಹಳ್ಳಿಯ ಕೊನೆಯ ಮನೆಯನ್ನೂ ತಲುಪಿದವು. 1910ರ ಸುಮಾರಿಗೆ ಅಮೆರಿಕದ ಗಣಿ ಇಲಾಖೆಯ ವಾಲ್ಟರ್ ಸ್ನೆಲ್ಲಿಂಗ್, ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ತಾನಾಗಿ ಕಡಿಮೆಯಾಗುತ್ತಿದೆ ಎಂಬ ದೂರಿನ ಬೆನ್ನು ಹತ್ತಿದಾಗ ಹಾರಿಹೋಗುತ್ತಿದ್ದುದು ಪ್ರೊಪೇನ್, ಬ್ಯೂಟೇನ್ ಎಂದು ಕಂಡುಕೊಂಡ. ಬೇಡದ ಆವಿಯೆಂದು ಬಿಟ್ಟದ್ದು ಮನೆಯ ಇಂಧನವಾದದ್ದು ಹೀಗೆ.

ಸಿಲಿಂಡರನ್ನು ಅಲುಗಿಸಿದಾಗ ಕುಲುಕುವ ಸದ್ದು ಈ ದ್ರವದ್ದು. ಒಲೆ ಹಚ್ಚಿದಾಗ ಮೇಲಿನ ಆವಿ ಹೊರಹೋಗುತ್ತದೆ, ಕೆಳಗಿನ ದ್ರವ ಕುದಿದು ಆ ಜಾಗ ತುಂಬುತ್ತದೆ. ಕುದಿಯಲು ಬೇಕಾದ ಶಾಖವನ್ನು ಅದು ಉಕ್ಕಿನ ಮೈಯಿಂದಲೂ ಸುತ್ತಲಿನ ಗಾಳಿಯಿಂದಲೂ ಹೀರುತ್ತದೆ. ಮದುವೆಮನೆಯ ಅಡುಗೆ ಭಟ್ಟರು ದೊಡ್ಡ ಒಲೆಗಳನ್ನು ಒಟ್ಟಿಗೆ ಹಚ್ಚಿದಾಗ ಸಿಲಿಂಡರಿನ ಕೆಳಭಾಗ ಬೆವರುತ್ತದೆ, ಕೆಲವೊಮ್ಮೆ ಬಿಳಿಯ ಮಂಜು ಕಟ್ಟುತ್ತದೆ, ಉರಿ ಕುಗ್ಗುತ್ತದೆ. ಗ್ಯಾಸ್ ಮುಗಿದಿರುವುದಿಲ್ಲ, ಕುದಿಯಲು ಶಾಖ ಸಾಲದಾಗಿರುತ್ತದೆ. ಆಗ ಅವರು ಸಿಲಿಂಡರನ್ನು ನೀರಿನ ಟಬ್ಬಿನಲ್ಲಿ ನಿಲ್ಲಿಸುವುದುಂಟು. ಕುದಿನೀರಲ್ಲದ, ಸಾಧಾರಣ ನೀರಾದರೆ ಅದರ ಹಿಂದೆ ಅನುಭವದ ವಿವೇಕವಿದೆ. ಉಳಿದದ್ದೂ ಬರಲಿ ಎಂದು ಸಿಲಿಂಡರನ್ನು ಅಡ್ಡ ಮಲಗಿಸುವುದು ಮಾತ್ರ ಘೋರ ತಪ್ಪು. ಆಗ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ರೆಗ್ಯುಲೇಟರ್ ಇರುವುದೇ ಒಳಗಿನ ಒತ್ತಡವನ್ನು ಬರಿಯ ಒಂದು ಅಡಿ ನೀರಿನ ಒತ್ತಡದಷ್ಟಕ್ಕೆ ಇಳಿಸಿ ಒಲೆಗೆ ಕೊಡಲು.

ಇನ್ನು ಗಾಳಿಯ ಲೆಕ್ಕಕ್ಕೆ ಬರೋಣ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೊ ಗ್ಯಾಸ್. ಅದಷ್ಟೂ ಚೆನ್ನಾಗಿ ಉರಿಯಲು ಬೇಕಾದ ಗಾಳಿಯ ತೂಕ ಸುಮಾರು 220 ಕಿಲೊ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಗಳು ಆರೂವರೆ ತುಂಬುವಷ್ಟು ಗಾಳಿ. ನಾವು ದುಡ್ಡು ಕೊಟ್ಟು ತರುವುದು ಹದಿನಾಲ್ಕು ಕಿಲೊ, ಕೇಳದೆಯೇ ಬಂದು ಸೇರುವುದು ಇನ್ನೂರಿಪ್ಪತ್ತು. ಉರಿದ ಮೇಲೆ 43 ಕಿಲೊದಷ್ಟು ಇಂಗಾಲದ ಡೈಆಕ್ಸೈಡ್, 22 ಲೀಟರಿನಷ್ಟು ನೀರು ಹಬೆಯಾಗಿ ಹೊರಬೀಳುತ್ತವೆ. ಒಂದು ಸಿಲಿಂಡರ್ ಮುಗಿಯುವ ಹೊತ್ತಿಗೆ ಅಡುಗೆಮನೆಯ ಗಾಳಿಗೆ ಒಂದು ದೊಡ್ಡ ಕೊಡ ನೀರು ಸುರಿದಂತೆ. ಮಳೆಗಾಲದಲ್ಲಿ ಮುಚ್ಚಿದ ಅಡುಗೆಮನೆಯ ಗೋಡೆ ಬೆವರುವುದರಲ್ಲಿ ಈ ನೀರಿನ ಪಾಲೂ ಇದೆ.

ಇಲ್ಲಿ ಒಂದು ಸೊಗಸಾದ ಸತ್ಯವಿದೆ, ನನಗೆ ಬಹಳ ಪ್ರಿಯವಾದದ್ದು. ಮಿಥೇನಿನ ಒಂದು ಮೋಲ್ ಉರಿದರೆ 890 ಕಿಲೊಜೂಲ್ ಶಾಖ. ಅದು ಬಳಸುವ ಆಮ್ಲಜನಕ ಎರಡು ಮೋಲ್. ಭಾಗಿಸಿದರೆ 445. ಪ್ರೊಪೇನಿನದು 2220, ಆಮ್ಲಜನಕ ಐದು, ಭಾಗಿಸಿದರೆ 444. ಬ್ಯೂಟೇನಿನದು 2877, ಆಮ್ಲಜನಕ ಆರೂವರೆ. ಮತ್ತೆ 443ರ ಹತ್ತಿರ. ಪೆಟ್ರೋಲಿನ ಆಕ್ಟೇನಿಗೆ ಬಂದರೂ 438. ಇಂಧನ ಯಾವುದಾದರೂ ಇರಲಿ, ಬಳಸಿದ ಆಮ್ಲಜನಕಕ್ಕೆ ತಕ್ಕಂತೆ ಹೆಚ್ಚುಕಡಿಮೆ ಅಷ್ಟೇ ಶಾಖ. ಇಂಗ್ಲೆಂಡಿನ ಡಬ್ಲ್ಯು. ಎಂ. ಥಾರ್ನ್‌ಟನ್ 1917ರಲ್ಲೇ ಇದನ್ನು ಗುರುತಿಸಿ ಬರೆದ. ಇಂದು ಬೆಂಕಿಯ ಪ್ರಯೋಗಶಾಲೆಗಳಲ್ಲಿ ಒಂದು ಸೋಫಾ ಉರಿದರೆ ಎಷ್ಟು ಶಾಖ ಬರುತ್ತದೆ ಎಂದು ತಿಳಿಯಲು ಸೋಫಾ ಯಾವುದರಿಂದ ಮಾಡಿದ್ದು ಎಂದು ಕೇಳುವುದಿಲ್ಲ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಕಡಿಮೆಯಾಯಿತು ಎಂದು ಅಳೆಯುತ್ತಾರೆ. ಇಂಧನದಲ್ಲಿ ಶಕ್ತಿ ತುಂಬಿದೆ ಎಂದು ನಾವು ಸುಮ್ಮನೆ ಹೇಳಿಬಿಡುತ್ತೇವೆ. ಉರಿಯ ಲೆಕ್ಕ ಬರೆದಿರುವುದು ಗಾಳಿಯ ಖಾತೆಯಲ್ಲಿ.

ಅನಿಲ ಗಾಳಿಯನ್ನು ಎಲ್ಲಿ, ಹೇಗೆ ಸೇರುತ್ತದೆ ಎಂಬುದನ್ನು ತೀರ್ಮಾನಿಸುವುದು ತೂಕ. ಗಾಳಿಯ ಸರಾಸರಿ ಅಣುತೂಕ 29. ಮಿಥೇನಿನದು 16, ಹಾಗಾಗಿ ಸೋರಿದರೆ ಮೇಲಕ್ಕೇರುತ್ತದೆ. ಪ್ರೊಪೇನಿನದು 44, ಬ್ಯೂಟೇನಿನದು 58. ಇವು ನೆಲಕ್ಕಿಳಿದು ನೀರಿನ ಹಾಗೆ ತಗ್ಗು ಹುಡುಕಿ ಹರಿಯುತ್ತವೆ. ಪೈಪ್ ಗ್ಯಾಸ್ ಬಳಸುವವರಿಗೆ ಛಾವಣಿಯ ಹತ್ತಿರದ ಕಿಂಡಿ ಮುಖ್ಯ, ಸಿಲಿಂಡರ್ ಬಳಸುವವರಿಗೆ ನೆಲಮಟ್ಟದ ದಾರಿ ಮುಖ್ಯ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಈ ವ್ಯತ್ಯಾಸವನ್ನು ಎಣಿಸಿ ಕಿಂಡಿ ಇಟ್ಟದ್ದನ್ನು ನಾನು ನೋಡಿರುವುದು ಬಹಳ ಅಪರೂಪ. ಸಿಲಿಂಡರನ್ನು ನೆಲಮಾಳಿಗೆಯಲ್ಲಿ, ಕಟ್ಟೆಯ ಕೆಳಗೆ ಬಾಗಿಲು ಬಿಗಿದ ಗೂಡಿನಲ್ಲಿ ಇಡುವ ಅಭ್ಯಾಸ ನನಗೆ ಭಯ ಹುಟ್ಟಿಸುತ್ತದೆ.

ಉರಿಯುವುದಕ್ಕೂ ಒಂದು ಮಿತಿ ಇದೆ. ಗಾಳಿಯಲ್ಲಿ ಮಿಥೇನ್ ನೂರಕ್ಕೆ ಐದು ಪಾಲಿಗಿಂತ ಕಡಿಮೆ ಇದ್ದರೆ ಹೊತ್ತಿಕೊಳ್ಳದು, ಹದಿನೈದಕ್ಕಿಂತ ಹೆಚ್ಚಿದ್ದರೂ ಹೊತ್ತಿಕೊಳ್ಳದು. ಸಿಲಿಂಡರಿನ ಗ್ಯಾಸಿಗೆ, ಅಂದರೆ ಎಲ್‌ಪಿಜಿಗೆ, ಈ ಮಿತಿ ಸುಮಾರು ಎರಡರಿಂದ ಒಂಬತ್ತು. ಮೇಲೆ ಹೇಳಿದ ಹತ್ತಡಿ ಕೋಣೆಯಲ್ಲಿ ಎರಡು ಪಾಲು ಎಂದರೆ ಒಂದು ಕಿಲೊ ಇನ್ನೂರು ಗ್ರಾಂನಷ್ಟು ಗ್ಯಾಸ್. ಅದೂ ಕೋಣೆಯ ತುಂಬ ಸಮವಾಗಿ ಹರಡಿದರೆ. ಸೋರಿದ ಗ್ಯಾಸ್ ಸಮವಾಗಿ ಹರಡುವುದಿಲ್ಲ. ಪಾದದ ಮಟ್ಟದಲ್ಲಿ ಹಾಸಿಕೊಳ್ಳುತ್ತದೆ, ಅಲ್ಲಿ ಅದರ ಹತ್ತನೇ ಒಂದು ಪಾಲೇ ಸಾಕಾದೀತು. ಫ್ರಿಜ್ಜಿನ ಕೆಳಗಿನ ಮೋಟಾರು ತಾನಾಗಿ ಶುರುವಾಗುವಾಗ ಹಾರುವ ಕಿಡಿ ಇರುವುದೂ ಅದೇ ಮಟ್ಟದಲ್ಲಿ. ವಾಸನೆ ಬಂದಾಗ ಲೈಟಿನ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ನೆಲದ ಗಾಳಿ ಹೊರಹೋಗುವಂತೆ ಬಿಟ್ಟು ಹೊರಗೆ ನಿಲ್ಲಬೇಕು.

ಆ ವಾಸನೆ ಗ್ಯಾಸಿನದಲ್ಲ. ಶುದ್ಧ ಮಿಥೇನಿಗಾಗಲಿ ಪ್ರೊಪೇನಿಗಾಗಲಿ ಮೂಗು ಹಿಡಿಯುವ ವಾಸನೆ ಇಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಊರಿನ ಶಾಲೆಯ ಕೆಳಗೆ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ತುಂಬಿಕೊಂಡಿತ್ತು. ಒಂದು ಕಿಡಿಗೆ ಶಾಲೆ ಸಿಡಿದು ಮುನ್ನೂರರ ಸಮೀಪ ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದರ ನಂತರ ಅನಿಲಕ್ಕೆ ಕೆಟ್ಟ ವಾಸನೆ ಬೆರೆಸುವುದು ಕಾನೂನಾಯಿತು. ನಮ್ಮ ಸಿಲಿಂಡರಿಗೆ ಬೆರೆಸುವುದು ಈಥೈಲ್ ಮರ್ಕ್ಯಾಪ್ಟನ್, ಗಂಧಕವಿರುವ ವಸ್ತು. ಕೊಳೆತ ಈರುಳ್ಳಿಯಂಥ ಆ ನಾತದ ಹಿಂದೆ ಅಷ್ಟು ಮಕ್ಕಳ ಸಾವಿದೆ. ನಮ್ಮ ಹತ್ತಿರದಲ್ಲೇ 2012ರ ಆಗಸ್ಟ್ 27ರಂದು ಕಣ್ಣೂರಿನ ಚಾಲದಲ್ಲಿ, 2013ರ ಏಪ್ರಿಲ್ 9ರಂದು ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿ, ಗ್ಯಾಸ್ ಹರಡಿ, ಬೆಂಕಿ ಹೊತ್ತಿ, ರಸ್ತೆ ಬದಿಯ ಮನೆಗಳವರು ಸುಟ್ಟುಹೋದರು. ಟ್ಯಾಂಕರ್ ಬಿದ್ದ ಕಡೆ ತಗ್ಗಿನ ಮನೆಗಳವರನ್ನು ಮೊದಲು ಎಬ್ಬಿಸಿ ಎತ್ತರಕ್ಕೆ ಕಳಿಸಬೇಕು. ಇದಕ್ಕೆ ಬೇಕಾದ ವಿಜ್ಞಾನ 29, 44, 58 ಎಂಬ ಮೂರು ಸಂಖ್ಯೆಗಳು ಮಾತ್ರ.

ಉರಿಯ ಬಣ್ಣದ ವಿಚಾರಕ್ಕೆ ಬಂದರೆ, ಕರೆಂಟು ಹೋದ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ನಾನು ಮಾಡುತ್ತಿದ್ದ ಪ್ರಯೋಗ ಒಂದಿದೆ. ಚೆನ್ನಾಗಿ ಉರಿದ ಮೇಣದಬತ್ತಿಯನ್ನು ಮೆಲ್ಲನೆ ಆರಿಸಿ. ಬತ್ತಿಯಿಂದ ಬಿಳಿಯ ಎಳೆಯಂತೆ ಹೊಗೆ ಏಳುತ್ತದೆ. ಗೀರಿದ ಕಡ್ಡಿಯನ್ನು ಬತ್ತಿಗೆ ಮುಟ್ಟಿಸದೆ, ಒಂದೆರಡು ಅಂಗುಲ ಮೇಲೆ ಆ ಎಳೆಗೆ ತೋರಿಸಿ. ಉರಿ ಎಳೆಯ ಗುಂಟ ಕೆಳಗೆ ಜಿಗಿದು ಬತ್ತಿ ಹತ್ತಿಕೊಳ್ಳುತ್ತದೆ. ಉರಿಯುವುದು ಮೇಣವೂ ಅಲ್ಲ, ಬತ್ತಿಯೂ ಅಲ್ಲ, ಮೇಣದ ಆವಿ ಎಂಬುದು ಹೇಳದೆಯೇ ಅರ್ಥವಾಗುತ್ತದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಮಕ್ಕಳಿಗಾಗಿ ಮೇಣದಬತ್ತಿಯ ಮೇಲೆ ಉಪನ್ಯಾಸ ಮಾಲೆ ಕೊಟ್ಟಾಗ ಗಾಜಿನ ಕೊಳವೆಯಿಂದ ಉರಿಯ ಹೊಟ್ಟೆಯ ಆವಿಯನ್ನು ಹೊರಗೆ ಹರಿಸಿ ಕೊಳವೆಯ ಆಚೆ ತುದಿಯಲ್ಲಿ ಹೊತ್ತಿಸಿ ತೋರಿಸಿದ. ಬೆಂಜೀನ್ ಎಂಬ ಹೈಡ್ರೋಕಾರ್ಬನನ್ನು 1825ರಲ್ಲಿ ಮೊದಲು ಬೇರ್ಪಡಿಸಿದವನೂ ಅವನೇ.

ಮೇಣದ ಉರಿ ಹಳದಿ, ಗ್ಯಾಸಿನ ಉರಿ ನೀಲಿ. ಮೇಣದ ಆವಿಗೆ ಗಾಳಿ ಹೊರಗಿನಿಂದ ಮಾತ್ರ ಸಿಗುತ್ತದೆ. ಒಳಗಿನ ಆವಿ ಗಾಳಿ ಸಿಗುವ ಮೊದಲೇ ಬಿಸಿಗೆ ಒಡೆದು ಇಂಗಾಲದ ಸೂಕ್ಷ್ಮ ಕಣಗಳಾಗುತ್ತದೆ. ಕುಲುಮೆಯಲ್ಲಿ ಕಾದ ಕಬ್ಬಿಣದಂತೆ ಆ ಕಣಗಳು ಹೊಳೆಯುವುದೇ ಹಳದಿ ಬೆಳಕು. ಗ್ಯಾಸ್ ಒಲೆಯಲ್ಲಿ ಗಾಳಿ ಮೊದಲೇ ಬೆರೆತಿರುವುದರಿಂದ ಕಣ ಹುಟ್ಟಲು ಎಡೆಯಿಲ್ಲ. ಒಡೆದ ಅಣುಗಳ ತುಣುಕುಗಳು ಹೊಮ್ಮಿಸುವ ನೀಲಿ ಮಾತ್ರ ಕಾಣುತ್ತದೆ. ಬೆಳಕು ಬೇಕಾದರೆ ಹಳದಿ ಉರಿ, ಬಿಸಿ ಬೇಕಾದರೆ ನೀಲಿ ಉರಿ. ಬುಡ್ಡಿದೀಪಕ್ಕೆ ಗಾಜಿನ ಚಿಮಣಿ ಹಾಕಿದೊಡನೆ ಬೆಳಕು ಬೆಳ್ಳಗಾಗುವುದು ಚಿಮಣಿ ಗಾಳಿಯನ್ನು ಕೆಳಗಿನಿಂದ ಎಳೆದು ಕೊಡುವುದರಿಂದ. ಮಲೆನಾಡಿನಲ್ಲಿ ಸೀಮೆಎಣ್ಣೆಗೆ ಚಿಮಣಿ ಎಣ್ಣೆ ಎಂಬ ಹೆಸರೇ ಬಿತ್ತು. ನಮ್ಮೂರ ಯಕ್ಷಗಾನ ಬಯಲಾಟದ ರಂಗಸ್ಥಳದಲ್ಲಿ ತೂಗುತ್ತಿದ್ದ ಗ್ಯಾಸ್‌ಲೈಟು ಎರಡು ಉರಿಗಳ ಗುಣವನ್ನೂ ಜೋಡಿಸಿತ್ತು. ಅದರ ಹೆಸರಿನಲ್ಲಿ ಗ್ಯಾಸ್ ಇದ್ದರೂ ಒಳಗಿರುವುದು ಸೀಮೆಎಣ್ಣೆ. ಪಂಪು ಹೊಡೆದ ಒತ್ತಡಕ್ಕೆ ಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಗಾಳಿ ಬೆರೆತು ನೀಲಿಯಾಗಿ ಉರಿಯುತ್ತದೆ. ಆ ಬಿಸಿಗೆ ಮ್ಯಾಂಟಲ್ ಬೆಳ್ಳಗೆ ಕಾಯುತ್ತದೆ. ಥೋರಿಯಂ ಮತ್ತು ಸೀರಿಯಂ ಆಕ್ಸೈಡುಗಳ ಆ ಬಲೆ ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್‌ನ ಕೊಡುಗೆ. ವೇಷಧಾರಿಯ ಕಿರೀಟದ ಮಿಂಚು ಕೊನೆಯ ಸಾಲಿನ ಚಾಪೆಯವರೆಗೂ ಮುಟ್ಟುತ್ತಿದ್ದುದು ಅದರಿಂದ.

ಸೀಮೆಎಣ್ಣೆ ಮತ್ತು ಪೆಟ್ರೋಲ್ ನಡುವಿನ ವ್ಯತ್ಯಾಸ ಸರಪಳಿಯ ಉದ್ದದ್ದು, ಆದರೆ ಅದರ ಫಲ ಸಾವು ಬದುಕಿನದು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆ 35 ಡಿಗ್ರಿ ದಾಟುವವರೆಗೆ ಅಷ್ಟು ಆವಿ ಬಿಡದು. ಸೀಮೆಎಣ್ಣೆಗೆ ಪೆಟ್ರೋಲ್ ಬೆರೆತರೆ ಸ್ಟೌ ಬಾಂಬಾಗುವುದು ಇದರಿಂದ. ಮನೆಯಲ್ಲಿ ಸೀಮೆಎಣ್ಣೆ ಇನ್ನೂ ಇಡುವವರಿಗೆ ಒಂದು ಮಾತು: ಮಗು ನೀರೆಂದು ಕುಡಿದರೆ ವಾಂತಿ ಮಾಡಿಸಬೇಡಿ. ತೆಳುವಾದ ಆ ದ್ರವ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೆಚ್ಚು ಕೇಡು. ವಾಂತಿಯಾಗುವಾಗ ಉಸಿರಿನ ದಾರಿಗೆ ಜಾರಿ ನ್ಯುಮೋನಿಯಾ ತರುತ್ತದೆ. ನೇರ ಆಸ್ಪತ್ರೆಗೆ ಒಯ್ಯಬೇಕು.

ಈವರೆಗಿನ ಸರಪಳಿಗಳಲ್ಲಿ ಇಂಗಾಲಗಳ ನಡುವೆ ಒಂದೊಂದೇ ಬಂಧ. ಎರಡು ಇಂಗಾಲಗಳ ನಡುವೆ ಎರಡು ಬಂಧವಿದ್ದರೆ ಎಥಿಲೀನ್, ಮೂರಿದ್ದರೆ ಅಸಿಟಿಲೀನ್. ಎಥಿಲೀನನ್ನು ಯಾರೂ ಒಲೆಗೆ ಹಾಕುವುದಿಲ್ಲ. ಅದರ ಅಣುಗಳನ್ನು ಒಂದಕ್ಕೊಂದು ಪೋಣಿಸಿದರೆ ಪಾಲಿಥೀನ್, ನಮ್ಮ ಹಾಲಿನ ಪ್ಯಾಕೆಟ್ಟು. ಗಿಡಗಳು ಎಥಿಲೀನನ್ನು ತಾವೇ ತಯಾರಿಸಿಕೊಂಡು ಹಣ್ಣಾಗುವ ಸುದ್ದಿಯನ್ನು ಒಂದರಿಂದೊಂದಕ್ಕೆ ಮುಟ್ಟಿಸುತ್ತವೆ. ರಷ್ಯಾದ ದಿಮಿತ್ರಿ ನೆಲ್ಯುಬೋವ್ 1901ರಲ್ಲಿ ಪ್ರಯೋಗಾಲಯದ ಗ್ಯಾಸ್ ದೀಪದ ಬಳಿ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯುವುದನ್ನು ಕಂಡು, ಕಾರಣ ದೀಪದ ಅನಿಲದಲ್ಲಿದ್ದ ಎಥಿಲೀನ್ ಎಂದು ಹಿಡಿದ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವ ನಮ್ಮ ಹಳೆಯ ರೂಢಿಯಲ್ಲಿ ಕೆಲಸ ಮಾಡುವುದೂ ಹೊಗೆಯಲ್ಲಿನ ಎಥಿಲೀನೇ. ಮಾವಿನ ಮಂಡಿಗಳಲ್ಲಿ ಕಾರ್ಬೈಡ್ ಪೊಟ್ಟಣ ಇಡುತ್ತಿದ್ದವರು ಅಸಿಟಿಲೀನಿನಿಂದ ಅದೇ ಕೆಲಸವನ್ನು ಒರಟಾಗಿ ಮಾಡಿಸುತ್ತಿದ್ದರು. ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಸೋಂಕಿರುವುದರಿಂದ ಅದಕ್ಕೆ ನಿಷೇಧವಿದೆ. ಎಥಿಲೀನ್ ಅನಿಲವನ್ನು ಹತ್ತು ಲಕ್ಷಕ್ಕೆ ನೂರು ಪಾಲಿನವರೆಗೆ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರದ ಅನುಮತಿ ಇದೆ. ಕಾರ್ಬೈಡಿನ ಬದಲು ಎಥಿಲೀನ್ ಎಂಬ ಈ ಬದಲಾವಣೆ ನನಗೆ ಸರಿ ಕಾಣುತ್ತದೆ.

ಅಸಿಟಿಲೀನ್ ಥಾರ್ನ್‌ಟನ್ನನ ಲೆಕ್ಕವನ್ನು ಮೀರುವ ಅಣು. ಆಮ್ಲಜನಕದ ಪ್ರತಿ ಮೋಲಿಗೆ ಅದು 520 ಕಿಲೊಜೂಲ್ ಕೊಡುತ್ತದೆ. ಮೂರು ಬಂಧಗಳ ಬಿಗಿಯಲ್ಲಿ ಹಿಡಿದಿಟ್ಟ ಶಕ್ತಿ ಅದು. ಶುದ್ಧ ಆಮ್ಲಜನಕದೊಡನೆ ಅದರ ಉರಿ ಮೂರು ಸಾವಿರ ಡಿಗ್ರಿ ದಾಟಿ ಕಬ್ಬಿಣವನ್ನು ಬೆಣ್ಣೆಯಂತೆ ಕರಗಿಸುತ್ತದೆ. ಬರಿಯ ಗಾಳಿಯಲ್ಲಿ ಉರಿಸಿದರೆ ವೆಲ್ಡಿಂಗ್ ಶಾಪಿನ ತುಂಬ ಕಪ್ಪು ಮಸಿಯ ಎಳೆಗಳು ಹಾರುತ್ತವೆ, ಏಕೆಂದರೆ ಅದರ ತೂಕದಲ್ಲಿ ನೂರಕ್ಕೆ 92 ಪಾಲು ಇಂಗಾಲ. ಗಾಳಿಯಿಲ್ಲದೆಯೂ, ಒತ್ತಡಕ್ಕೇ ಸಿಡಿಯುವ ಸ್ವಭಾವದ್ದು. ಸಿಲಿಂಡರಿನಲ್ಲಿ ಸ್ಪಂಜಿನಂಥ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಕುಡಿಸಿ, ಅದರಲ್ಲಿ ಅಸಿಟಿಲೀನನ್ನು ಕರಗಿಸಿ ಇಡುತ್ತಾರೆ. ಈ ವಿಧಾನವನ್ನು ಪಳಗಿಸಿ ಸಮುದ್ರದ ದೀಪಸ್ತಂಭಗಳಿಗೆ ಬೆಳಕು ಕೊಟ್ಟ ಸ್ವೀಡನ್ನಿನ ಗುಸ್ತಾಫ್ ಡಾಲೆನ್ 1912ರಲ್ಲಿ ಅಸಿಟಿಲೀನ್ ಸ್ಫೋಟದಲ್ಲಿ ಕಣ್ಣು ಕಳೆದುಕೊಂಡ. ಅದೇ ವರ್ಷ ಅವನಿಗೆ ಭೌತವಿಜ್ಞಾನದ ನೊಬೆಲ್ ಬಂತು.

ಮತ್ತೆ ಮಿಥೇನಿಗೆ ಬರುತ್ತೇನೆ. ಅದು ಭೂಗರ್ಭದ್ದು ಮಾತ್ರವಲ್ಲ, ನಮ್ಮ ಕೊಟ್ಟಿಗೆಯದು, ಕೆರೆಯದು. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕದಡಿ, ಎದ್ದ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದು ಉರಿಸಿ ನೋಡಿದ. ಗಾಳಿ ಸೋಕದ ಕೆಸರಿನಲ್ಲಿ ಎಲೆ, ಸಗಣಿ, ಕೊಳೆತದ್ದನ್ನೆಲ್ಲ ಜೀವಾಣುಗಳು ಒಡೆದಾಗ ಹುಟ್ಟುವ ಅನಿಲ ಅದು. ಬೆಂಗಳೂರಿನ ಬೆಳ್ಳಂದೂರು ಕೆರೆ 2015ರ ಮೇನಲ್ಲಿ, 2017ರ ಫೆಬ್ರುವರಿಯಲ್ಲಿ, 2018ರ ಜನವರಿಯಲ್ಲಿ ಹೊತ್ತಿಕೊಂಡಿತು. ನೊರೆಯ ಮೇಲಿನ ಎಣ್ಣೆಯ ಪೊರೆ, ದಡದ ಒಣಹುಲ್ಲು, ಕಸ, ತಳದ ಮಿಥೇನ್ ಎಂದು ಕಾರಣಗಳ ಚರ್ಚೆ ನಡೆಯಿತು. ಊರಿನ ಕೊಳಚೆಯನ್ನೆಲ್ಲ ಒಂದು ಕೆರೆಗೆ ಬಿಟ್ಟು ಅದರ ಉಸಿರು ಕಟ್ಟಿಸಿದರೆ ತಳದಲ್ಲಿ ಮಿಥೇನ್ ಹುಟ್ಟುವುದರಲ್ಲಿ ಚರ್ಚೆಗೆ ಆಸ್ಪದವಿಲ್ಲ.

ಅದೇ ಕೆಲಸವನ್ನು ಕಟ್ಟಿದ ಗುಂಡಿಯಲ್ಲಿ ಮಾಡಿಸಿದರೆ ಗೋಬರ್ ಗ್ಯಾಸ್. ಸಾಗರ, ಶಿರಸಿ ಕಡೆಯ ಅಡಕೆ ಬೆಳೆಗಾರರ ಮನೆಗಳಲ್ಲಿ ಸಿಲಿಂಡರ್ ಬರುವ ಮೊದಲೇ ಅದು ಬಂದಿತ್ತು. ನಮ್ಮ ಮನೆಯಲ್ಲಿ ಅಮ್ಮ ಬೆಳಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಸಗಣಿ ಕಲಸಿ ಗುಂಡಿಗೆ ಬಿಡುವುದು. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೊ ಸಗಣಿ ಬೇಕು. ಬರುವ ಅನಿಲದಲ್ಲಿ ನೂರಕ್ಕೆ ಅರವತ್ತರಷ್ಟು ಮಿಥೇನ್, ಉಳಿದದ್ದು ಹೆಚ್ಚಾಗಿ ಉರಿಯದ ಇಂಗಾಲದ ಡೈಆಕ್ಸೈಡ್. ಆದ್ದರಿಂದ ಆ ಒಲೆಯ ಜೆಟ್ಟಿನ ತೂತು ಪೈಪ್ ಗ್ಯಾಸಿನದಕ್ಕಿಂತಲೂ ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ತಂಡ ಕಟ್ಟಿದ ಎ. ಕೆ. ಎನ್. ರೆಡ್ಡಿ ಮತ್ತು ಸಂಗಡಿಗರು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸಿದರು. ಅದರ ಅನಿಲದಿಂದ ಎಂಜಿನ್ ಓಡಿಸಿ 1987ರಿಂದ ಮನೆಗಳಿಗೆ ದೀಪ, ಕುಡಿಯುವ ನೀರು ಕೊಟ್ಟರು. ಊರು ಆ ಅನಿಲವನ್ನು ಅಡುಗೆಗಿಂತ ಮೊದಲು ನೀರಿಗೆ ಬಳಸಿತು ಎಂಬುದು ನನ್ನ ಮಟ್ಟಿಗೆ ದೊಡ್ಡ ಪಾಠ. ದೇಶಕ್ಕೆ ಬೇಕಾದ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2016ರ ಮೇ 1ರಂದು ಬಲ್ಲಿಯಾದಲ್ಲಿ ಶುರುವಾದ ಉಜ್ವಲ ಯೋಜನೆಯಿಂದ ಕೋಟಿಗಟ್ಟಲೆ ಹೆಂಗಸರು ಊದುಗೊಳವೆ ಬದಿಗಿಟ್ಟರು, ಅದು ಆಗಲೇಬೇಕಿತ್ತು. ಆದರೆ ಕೊಟ್ಟಿಗೆಯಲ್ಲಿ ದನವಿರುವ ಮನೆ ತನ್ನ ಗುಂಡಿಯನ್ನು ಮಣ್ಣು ಮುಚ್ಚಿ ಸಿಲಿಂಡರಿಗೆ ಕಾಯುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಗುಂಡಿ ಕಟ್ಟದ ಕಡೆ ತಿಪ್ಪೆಯಿಂದ ಏಳುವ ಮಿಥೇನ್ ಆಕಾಶ ಸೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಮಾಡುತ್ತದೆ. ಉರಿಸಿದರೆ ಅನ್ನವೂ ಬೇಯುತ್ತದೆ, ಆಕಾಶಕ್ಕೆ ಹೋಗುವ ಹೊರೆಯೂ ಇಳಿಯುತ್ತದೆ.

ಕೊನೆಗೆ ಉಳಿದದ್ದು ಬಚ್ಚಲುಮನೆ. ಪ್ರತಿ ಚಳಿಗಾಲದಲ್ಲಿ ಗ್ಯಾಸ್ ಗೀಸರಿನ ಬಚ್ಚಲಲ್ಲಿ ಯಾರೋ ಸತ್ತ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಗಾಯವಿಲ್ಲ, ಬೆಂಕಿಯಿಲ್ಲ, ಸೋರಿಕೆಯೂ ಇಲ್ಲ. ಗಾಳಿ ಸಾಲದಾಗ ಇಂಗಾಲ ಅರ್ಧಕ್ಕೇ ಉರಿದು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸಿಗೆ ಬೆರೆಸಿದ ಮರ್ಕ್ಯಾಪ್ಟನ್ ಕೂಡ ಉರಿಯಲ್ಲಿ ಸುಟ್ಟುಹೋಗಿರುವುದರಿಂದ ಮೂಗಿಗೆ ಎಚ್ಚರಿಕೆ ಸಿಗುವುದಿಲ್ಲ. ರಕ್ತದ ಹಿಮೋಗ್ಲೋಬಿನನ್ನು ಮಾನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ತಲೆ ಭಾರವಾಗುತ್ತದೆ, ಕಾಲು ಸೋಲುತ್ತದೆ, ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿದ್ದೇನೆ. ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುವ ಗೀಸರ್ ಗಂಟೆಗೆ ಒಂದು ಕಿಲೊದಷ್ಟು ಗ್ಯಾಸ್ ಉರಿಸುತ್ತದೆ. ಅದಕ್ಕೆ ನಿಮಿಷಕ್ಕೆ ಇನ್ನೂರು ಲೀಟರಿಗೂ ಮಿಕ್ಕಿ ಗಾಳಿ ಬೇಕು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯೇ 5400 ಲೀಟರ್. ಬಾಗಿಲು, ಕಿಂಡಿ ಎರಡೂ ಮುಚ್ಚಿದ್ದರೆ ನಾಲ್ಕೇ ನಿಮಿಷದಲ್ಲಿ ಅಲ್ಲಿನ ಆಮ್ಲಜನಕ ನೂರಕ್ಕೆ 21ರಿಂದ 18ಕ್ಕೆ ಬರುತ್ತದೆ. ಆಮೇಲಿನ ಉರಿ ಕೊಳಕು ಉರಿ. ತಲೆಸ್ನಾನಕ್ಕೆ ನಾಲ್ಕು ನಿಮಿಷ ಯಾರಿಗೂ ಸಾಲದು. ಗೀಸರನ್ನು ಬಚ್ಚಲಿನ ಹೊರಗೆ, ತೆರೆದ ಜಾಗದಲ್ಲಿ ಗೋಡೆಗೆ ಹೊಡೆಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಅದು ಈಗಾಗಲೇ ಒಳಗಿದ್ದರೆ, ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿ ಆಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಬೇಕು. ಚಳಿ ಬರುತ್ತದೆಂದು ಮೇಲಿನ ಕಿಂಡಿಗೆ ತುರುಕಿದ ಹಳೆಯ ಪೇಪರನ್ನು ಇವತ್ತೇ ಕಿತ್ತು ತೆಗೆಯಬೇಕು.